ವೋಲ್ಟೇಜನ್ನ ಮೊದಲು ‘ಆಟೋ’ದಿಂದ ತೆಗೀರಿ

ಹಳೇ ಡೆಸ್ಕ್‌ಟಾಪ್ ಓವರ್‌ಕ್ಲಾಕ್ ಮಾಡಿದ್ರೆ, ಅಂದ್ರೆ ಪ್ರೊಸೆಸರನ್ನ ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಿದ್ರೆ, ಅದು ಸುಟ್ಟುಹೋಗುತ್ತೆ ಅನ್ನೋ ಹೆದರಿಕೆ ಅರ್ಧ ಸುಳ್ಳು. ವೇಗ ಏರಿಸಿದ್ದು ಚಿಪ್ಪಿಗೆ ತಾಳದಿದ್ರೆ ಹ್ಯಾಂಗ್ ಆಗುತ್ತೆ, ರೀಸ್ಟಾರ್ಟ್ ಆಗುತ್ತೆ, ಕೆಲವೊಮ್ಮೆ ಫೈಲ್ ಕೆಡುತ್ತೆ (ಬ್ಯಾಕಪ್ ಮೊದಲು, ಉಳಿದದ್ದು ಆಮೇಲೆ). ಚಿಪ್ಪನ್ನ ಸವೆಸೋದು, ಕೊಲ್ಲೋದು ವೋಲ್ಟೇಜ್. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯೋ, ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಅದನ್ನ ‘ಆಟೋ’ದಲ್ಲೇ ಬಿಟ್ಟು ವೇಗದ ಗುಣಕವಾದ ಮಲ್ಟಿಪ್ಲೈಯರ್ ಮಾತ್ರ ಏರಿಸಿದ್ರೆ, ಎಷ್ಟೋ ಮದರ್‌ಬೋರ್ಡ್‌ಗಳು ‘ಇರಲಿ’ ಅಂತ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟುಬಿಡುತ್ತವೆ. ಹೊಸಬರು ಎಡವೋದು ಇಲ್ಲೇ.

ನಿಮ್ಮ ಚಿಪ್ ಏರುತ್ತಾ ಅಂತ ಮೊದಲು ನೋಡಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರಬೇಕು: 2011ರ ಐ5-2500ಕೆ, 2012ರ ಐ5-3570ಕೆ ಇಂಥವು. ಬೋರ್ಡ್ ಪಿ67, ಝಡ್68, ಝಡ್77 ಚಿಪ್‌ಸೆಟ್‌ನದ್ದಾಗಿರಬೇಕು. ಎಚ್61, ಎಚ್67 ಇದ್ದರೆ ಆಸೆ ಬಿಡಿ. ಎಎಂಡಿಯ ಎಫ್ಎಕ್ಸ್ ಚಿಪ್‌ಗಳೆಲ್ಲ ಬೀಗ ಇಲ್ಲದವೇ. ಆದರೆ ಎಫ್ಎಕ್ಸ್-8350 ಓವರ್‌ಕ್ಲಾಕ್ ಮಾಡದೆಯೇ 125 ವಾಟ್‌ನ ಚಿಪ್. ಪ್ರೊಸೆಸರ್‌ಗೆ ಕರೆಂಟ್ ಕೊಡೋ ಪವರ್ ಮಾಸ್ಫೆಟ್‌ಗಳ ಮೇಲೆ ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡ್‌ನಲ್ಲಿ ಅದನ್ನ ಏರಿಸೋಕೆ ಹೋದ್ರೆ ಚಿಪ್‌ಗಿಂತ ಮೊದಲು ಬೋರ್ಡ್ ಹೋಗುತ್ತೆ.

ಆಮೇಲೆ ಕ್ಯಾಬಿನೆಟ್ ಬಿಚ್ಚಿ. ಧೂಳು ಹೊಡೆಯಿರಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಕೆಪಾಸಿಟರ್ ಒಂದಾದರೂ ತಲೆ ಉಬ್ಬಿಸಿಕೊಂಡಿದ್ರೆ ಅಲ್ಲಿಗೇ ನಿಲ್ಲಿಸಿ. ಹಳೇ ಪವರ್ ಸಪ್ಲೈನ 12 ವೋಲ್ಟ್ ಲೈನನ್ನ ಲೋಡ್ ಇದ್ದಾಗ ಮಲ್ಟಿಮೀಟರ್‌ನಲ್ಲಿ ಅಳೀರಿ, 11.4ಕ್ಕಿಂತ ಕೆಳಗೆ ಇಳಿಯಬಾರದು. ಸಾಫ್ಟ್‌ವೇರ್ ತೋರಿಸೋ ಅಂಕಿ ಇದಕ್ಕೆ ಆಗಲ್ಲ.

ಕೂಲರ್ ಮಾತಿಗೆ ಬಂದರೆ ಲೆಕ್ಕ ಹೀಗೆ. ಶಾಖ ವೇಗದ ಜೊತೆ ಸಮಸಮ ಏರುತ್ತೆ, ವೋಲ್ಟೇಜ್‌ನ ವರ್ಗದ ಜೊತೆಗೂ ಏರುತ್ತೆ. 3.3ರಿಂದ 4.2 ಗಿಗಾಹರ್ಟ್ಸ್ ಅಂದ್ರೆ ಶೇ 27 ಹೆಚ್ಚು ವೇಗ. ಅದಕ್ಕೋಸ್ಕರ 1.2 ವೋಲ್ಟ್ ಇದ್ದದ್ದನ್ನ 1.3 ಮಾಡಿದ್ರೆ ಶಾಖ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಪ್ರೊಸೆಸರ್ ಜೊತೆ ಬಂದ ಪುಟ್ಟ ಕೂಲರ್ ಇಲ್ಲಿ ಕೈಚೆಲ್ಲುತ್ತೆ. ಹೀಟ್‌ಪೈಪ್ ಇರೋ ಟವರ್ ಕೂಲರ್, 120 ಮಿ.ಮೀ. ಫ್ಯಾನ್, ಇಷ್ಟಿಲ್ಲದೆ ಕೈ ಹಾಕಬೇಡಿ. 3570ಕೆ ಇನ್ನೂ ಹಟಮಾರಿ: 2500ಕೆ ಮುಚ್ಚಳದಡಿ ಬೆಸುಗೆ ಇದ್ರೆ ಇದರಲ್ಲಿ ಬರೀ ಪೇಸ್ಟ್, ಹಾಗಾಗಿ ಏರಿಸಿದ ಕೂಡಲೇ ಕಾದುಹೋಗುತ್ತೆ.

ಏನೂ ಬದಲಿಸದೆ ಒಮ್ಮೆ, ಪ್ರೊಸೆಸರನ್ನ ಪೂರ್ತಿ ದುಡಿಸೋ ಸಾಫ್ಟ್‌ವೇರ್ ಪ್ರೈಮ್95ನ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಅರ್ಧ ಗಂಟೆ ಓಡಿಸಿ. ಸಿಪಿಯು-ಝಡ್‌ನಲ್ಲಿ ಆಗಿನ ವೋಲ್ಟೇಜ್, ಎಚ್‌ಡಬ್ಲ್ಯೂಇನ್ಫೋದಲ್ಲಿ ಪ್ರತಿ ಕೋರ್‌ನ ತಾಪಮಾನ ಬರೆದಿಟ್ಕೊಳ್ಳಿ. ನಿಮ್ಮ ಚಿಪ್ಪಿನ ಜಾತಕ ಅದೇ. ಬೇರೆಯವರ ಸ್ಕ್ರೀನ್‌ಶಾಟ್ ನೋಡಿ ಅಂಕಿ ಕಾಪಿ ಹೊಡೀಬೇಡಿ, ಒಂದೇ ಮಾಡೆಲ್‌ನ ಎರಡು ಚಿಪ್ ಒಂದೇ ಥರ ಇರಲ್ಲ.

ಈಗ ಬಯಾಸ್. ಬೇಸ್ ಕ್ಲಾಕ್ (ಇದನ್ನ ಮಲ್ಟಿಪ್ಲೈಯರ್‌ನಿಂದ ಗುಣಿಸಿದ್ರೆ ಬರೋದೇ ಚಿಪ್ಪಿನ ವೇಗ) 100 ಮೆಗಾಹರ್ಟ್ಸ್‌ನಲ್ಲೇ ಇರಲಿ. ಈ ತಲೆಮಾರಿನ ಇಂಟೆಲ್‌ನಲ್ಲಿ ಡಿಸ್ಕ್ ಜೋಡಿಸೋ ಸಾಟಾ, ಕಾರ್ಡ್ ಜೋಡಿಸೋ ಪಿಸಿಐ ಎಕ್ಸ್‌ಪ್ರೆಸ್ ಎಲ್ಲ ಅದಕ್ಕೇ ಗಂಟುಬಿದ್ದಿರೋದ್ರಿಂದ ಅದನ್ನ ಎಳೆದಾಡಿದ್ರೆ ಡಿಸ್ಕಿನ ಡೇಟಾ ಕೆಡಬಹುದು. ರ‍್ಯಾಮ್‌ನ ವೇಗ ಏರಿಸೋ ಎಕ್ಸ್‌ಎಂಪಿ ಸದ್ಯಕ್ಕೆ ಆಫ್ ಮಾಡಿ, ಕ್ರ್ಯಾಶ್ ಆದಾಗ ತಪ್ಪು ಯಾರದ್ದು ಅಂತ ಗೊತ್ತಾಗಬೇಕಲ್ಲ. ವೋಲ್ಟೇಜ್ ಮ್ಯಾನುಯಲ್ ಮಾಡಿ, ಬರೆದಿಟ್ಟ ಅಂಕಿಯನ್ನೇ ಹಾಕಿ. ಲೋಡ್ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯೋ ಲೋಡ್‌ಲೈನ್ ಕ್ಯಾಲಿಬ್ರೇಶನ್ ಮಧ್ಯದ ಮಟ್ಟ ಸಾಕು. ತುದಿಯ ಮಟ್ಟದಲ್ಲಿ ಲೋಡ್ ಬಿಟ್ಟ ಕೂಡಲೇ ವೋಲ್ಟೇಜ್ ಕ್ಷಣಕಾಲ ನೀವು ಕೊಟ್ಟದ್ದಕ್ಕಿಂತ ಮೇಲೆ ಚಿಮ್ಮುತ್ತೆ. ಎಲ್ಲ ಕೋರ್‌ಗೂ 38 ಮಲ್ಟಿಪ್ಲೈಯರ್ ಕೊಟ್ಟು ಶುರು ಮಾಡಿ, ಒಂದೊಂದೇ ಏರಿಸಿ, ಪ್ರತಿ ಸಲ ಹದಿನೈದು ನಿಮಿಷ ಪ್ರೈಮ್95.

ಸೋಲೋದು ಮೂರು ಥರ. ನೀಲಿ ಪರದೆಯಲ್ಲಿ 101 ಅಥವಾ 124ರ ಕೋಡ್ ಬಂದ್ರೆ ಸಾಮಾನ್ಯವಾಗಿ ವೋಲ್ಟೇಜ್ ಸಾಲುತ್ತಿಲ್ಲ ಅಂತ, 0.01 ವೋಲ್ಟ್ ಏರಿಸಿ. ಪ್ರೈಮ್95ನಲ್ಲಿ ಒಂದೇ ವರ್ಕರ್ (ಒಂದು ಕೋರ್‌ನ ಪರೀಕ್ಷೆ) ನಿಂತುಹೋದ್ರೂ ಅದೇ ಮದ್ದು. ಮೂರನೆಯದು ಕಳ್ಳ: ಎಲ್ಲ ಸರಿಯಿದ್ದ ಹಾಗೇ ಕಾಣುತ್ತೆ, ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ಮಾತ್ರ ಡಬ್ಲ್ಯೂಎಚ್‌ಇಎ (ಹಾರ್ಡ್‌ವೇರ್ ದೋಷದ) ಎಚ್ಚರಿಕೆಗಳು ಸೇರಿಕೊಳ್ತಾ ಹೋಗುತ್ತವೆ. ಅದನ್ನ ನೋಡದೆ ‘ಸ್ಟೇಬಲ್’ ಅಂತ ಪೋಸ್ಟ್ ಹಾಕೋರೇ ಜಾಸ್ತಿ. ಯಂತ್ರ ಆನೇ ಆಗದಿದ್ರೆ ಗಾಬರಿ ಬೇಡ. ಪವರ್ ಕೇಬಲ್ ತೆಗೆದು, ಬೋರ್ಡ್ ಮೇಲಿನ ಸಿಆರ್2032 ಸೆಲ್ ಐದು ನಿಮಿಷ ಕಳಚಿಟ್ಟು ಮತ್ತೆ ಹಾಕಿದ್ರೆ ಸೆಟ್ಟಿಂಗ್ ಮೊದಲಿನಂತಾಗುತ್ತೆ.

ಎಲ್ಲಿ ನಿಲ್ಲಿಸೋದು? ಹೊಸಬರಿಗೆ 2500ಕೆಯಲ್ಲಿ 1.35 ವೋಲ್ಟ್, 3570ಕೆಯಲ್ಲಿ 1.25 ವೋಲ್ಟ್, ಎರಡಕ್ಕೂ ಅತಿ ಬಿಸಿ ಕೋರ್ 80 ಡಿಗ್ರಿ. ಇದರಲ್ಲಿ ಯಾವುದು ಮೊದಲು ಮುಟ್ಟುತ್ತೋ ಅಲ್ಲಿಗೆ ಸಾಕು. ಬಹುತೇಕ 4.2ರ ಆಸುಪಾಸಲ್ಲಿ ನಿಲ್ತೀರಿ, ನಿಲ್ಲಿ. ಅಲ್ಲಿಂದ ಮುಂದಿನ 300 ಮೆಗಾಹರ್ಟ್ಸ್ ಬರೀ ಜಂಭಕ್ಕೆ. ಅಂದಹಾಗೆ, ಇನ್ನೂ ತಿರುಗೋ ಹಾರ್ಡ್‌ಡಿಸ್ಕಿನಿಂದಲೇ ಬೂಟ್ ಮಾಡ್ತಿದ್ರೆ ಇಷ್ಟೆಲ್ಲ ಬಿಟ್ಟು ಮೊದಲು ಎಸ್‌ಎಸ್‌ಡಿ ಹಾಕಿ.

ಕೊನೆಯ ಪರೀಕ್ಷೆ ಕನಿಷ್ಠ ಆರು ಗಂಟೆ, ಅದೂ ದಿನದ ಸೆಕೆಯ ಹೊತ್ತಲ್ಲಿ. ಕೋಣೆ 8 ಡಿಗ್ರಿ ಬಿಸಿಯಾದ್ರೆ ಕೋರ್ ಕೂಡ ಹೆಚ್ಚುಕಮ್ಮಿ 8 ಡಿಗ್ರಿ ಏರುತ್ತೆ; ತಣ್ಣನೆ ರಾತ್ರಿ 79ರಲ್ಲಿ ಪಾಸಾದದ್ದು ಮಧ್ಯಾಹ್ನ 87 ತೋರಿಸುತ್ತೆ.