ಅಡುಗೆಮನೆಯಲ್ಲಿ ಬೈದ ಹೆಡ್‌ಮೇಷ್ಟ್ರು

ಹೋದ ಬೇಸಿಗೆಯಲ್ಲಿ ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆ ಗೃಹಪ್ರವೇಶ. ಎರಡನೇ ಪಂಕ್ತಿಗೆ ಕೂತಿದ್ದೆವು, ಪಕ್ಕದಲ್ಲಿ ನನ್ನ ಮಗ. ಹೋಳಿಗೆ ಬಡಿಸುತ್ತಾ ಬಂದ ದೊಡ್ಡಪ್ಪ ಅವನ ಎಲೆಯ ಮುಂದೆ ನಿಂತು, "ಏನೋ ಗಿಡ್ಡಪ್ಪ, ಜಪಾನಲ್ಲಿ ಊಟ ಹಾಕಲ್ವಾ ನಿಂಗೆ? ಇನ್ನೂ ಇಷ್ಟೇ ಇದ್ದೀಯಲ್ಲೋ!" ಅಂದರು. ಸಾಲಿಗೆ ಸಾಲೇ ನಕ್ಕಿತು. ದೊಡ್ಡಪ್ಪನಿಗೆ ಅವನ ಮೇಲೆ ಪ್ರೀತಿ ಇದೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಒಂದು ಹೋಳಿಗೆ ಜಾಸ್ತಿಯೇ ಹಾಕಿದರು, ತುಪ್ಪವನ್ನೂ ಧಾರಾಳವಾಗಿ ಸುರಿದರು. ಹುಡುಗ ಮುಟ್ಟಲಿಲ್ಲ. ರಾತ್ರಿ ಮಲಗುವಾಗ ಅವರಮ್ಮನನ್ನು ಕೇಳಿದನಂತೆ: "ನಾನು ಕುಳ್ಳ ಅಂತ ನಂಗೂ ಗೊತ್ತು. ಎಲ್ಲರ ಮುಂದೆ ಯಾಕೆ ಹೇಳಿದ್ರು?"

ಆ ಪ್ರಶ್ನೆ ನನಗೆ ಚುಚ್ಚಿತು. ಉತ್ತರ ಹೊಳೆದದ್ದು ಟೋಕಿಯೊಗೆ ವಾಪಸ್ ಬಂದ ಮೇಲೆ, ಮಕ್ಕಳ ಜೊತೆ ತೊತ್ತೊಚಾನ್ ಅನಿಮೆ (ಜಪಾನಿ ಕಾರ್ಟೂನ್) ಸಿನಿಮಾ ನೋಡುವಾಗ.

ತೊತ್ತೊಚಾನ್ ಯಾರು ಅಂತ ಕನ್ನಡದವರಿಗೆ ಹೇಳಬೇಕಾಗಿಲ್ಲ. ಪುಸ್ತಕ ಕನ್ನಡಕ್ಕೂ ಬಂದಿದೆ, ನಮ್ಮಲ್ಲಿ ಎಷ್ಟೋ ಮೇಷ್ಟ್ರುಗಳು ಒಬ್ಬರಿಂದ ಒಬ್ಬರು ಇಸಿದುಕೊಂಡು ಓದಿದ್ದಾರೆ. ಬರೆದವರು ತೆತ್ಸುಕೊ ಕುರೊಯಾನಗಿ, ತೊತ್ತೊಚಾನ್ ಅಂದರೆ ಚಿಕ್ಕಂದಿನ ಅವರೇ. 1933ರಲ್ಲಿ ಹುಟ್ಟಿದವರು, ಇಲ್ಲಿ ಟಿವಿಯಲ್ಲಿ ಮನೆಮಾತು. 1981ರಲ್ಲಿ ಬಂದ ಈ ಪುಸ್ತಕವನ್ನು ಸಿನಿಮಾ ಮಾಡಲು ಅವರು ಬಹಳ ಕಾಲ ಒಪ್ಪಿರಲಿಲ್ಲ. ಕೊನೆಗೂ 2023ರ ಡಿಸೆಂಬರಿನಲ್ಲಿ ಶಿನ್ನೊಸುಕೆ ಯಾಕುವಾ ನಿರ್ದೇಶನದಲ್ಲಿ ಅನಿಮೆ ಆಗಿ ಬಂತು. ಕಥೆ ನಡೆಯುವುದು ಎರಡನೇ ಮಹಾಯುದ್ಧ ಟೋಕಿಯೊದ ಮನೆಮನೆಯೊಳಗೆ ನಿಧಾನವಾಗಿ ನುಗ್ಗುತ್ತಿದ್ದ ಕಾಲದಲ್ಲಿ. ಮೊದಲು ಮಿಠಾಯಿ ಖಾಲಿಯಾಗುತ್ತೆ, ಆಮೇಲೆ ಡಬ್ಬಿಯೊಳಗಿನ ಊಟ ಕಡಿಮೆಯಾಗುತ್ತೆ, ಕೊನೆಗೆ 1945ರ ಬಾಂಬ್ ದಾಳಿಯಲ್ಲಿ ಶಾಲೆಯೇ ಸುಟ್ಟುಹೋಗುತ್ತೆ.

ಆ ಶಾಲೆ ತೊಮೊಯೆ. ಟೋಕಿಯೊದ ಜಿಯೂಗಾವೊಕಾದಲ್ಲಿತ್ತು. ಹಳೇ ರೈಲು ಡಬ್ಬಿಗಳೇ ತರಗತಿಗಳು. ಬೇರೆ ಶಾಲೆ ಒಂದನೇ ತರಗತಿಯಲ್ಲೇ ಹೊರಗೆ ಹಾಕಿದ ತೊತ್ತೊಚಾನ್ ಅಲ್ಲಿಗೆ ಬರುತ್ತಾಳೆ. ಪೋಲಿಯೋ ಆದ ಯಾಸುಅಕಿ ಅಲ್ಲಿರುತ್ತಾನೆ. ಕೈಕಾಲು ಗಿಡ್ಡ, ಇನ್ನು ಬೆಳೆಯುವುದಿಲ್ಲ ಅಂತ ಗೊತ್ತಿದ್ದ ತಾಕಾಹಾಶಿ ಕೂಡ ಅಲ್ಲಿಗೇ ಬರುತ್ತಾನೆ. ಪಕ್ಕದ ಶಾಲೆ ಹುಡುಗರು ಬಂದು, ತೊಮೊಯೆ ಹರಕಲು ಶಾಲೆ ಅಂತ ರಾಗವಾಗಿ ಹಂಗಿಸುತ್ತಾರೆ. ಈ ಮಕ್ಕಳು ಅದೇ ರಾಗಕ್ಕೆ, ತೊಮೊಯೆ ಒಳ್ಳೇ ಶಾಲೆ ಅಂತ ಹಾಡು ಕಟ್ಟಿ ಹಾಡುತ್ತಾರೆ. ಹೆಡ್‌ಮೇಷ್ಟ್ರು ಸೊಸಾಕು ಕೊಬಾಯಾಶಿ ಒಳಗಿದ್ದುಕೊಂಡೇ ಅದನ್ನು ಕೇಳಿಸಿಕೊಳ್ಳುತ್ತಾರೆ. ಆ ಜಾಗದಲ್ಲಿ ನನ್ನ ಹೆಂಡತಿ ಅತ್ತಳು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಪ್ರಸಂಗ. ಪುಸ್ತಕ ಓದಿದವರಿಗೆ ನೆನಪಿರುತ್ತೆ. ಮನುಷ್ಯರಿಗೂ ಹಿಂದೆ ಬಾಲ ಇತ್ತು ಅಂತ ಪಾಠ ಮಾಡುತ್ತಿದ್ದ ಟೀಚರ್, ನಿನಗೆ ಇನ್ನೂ ಇರಬೇಕಲ್ವಾ ಅಂತ ತಾಕಾಹಾಶಿಗೆ ತಮಾಷೆ ಮಾಡುತ್ತಾರೆ. ಅವನು ಗಾಬರಿಯಾಗಿ ಎದ್ದು ನಿಂತು, ಇಲ್ಲ ಇಲ್ಲ ಅಂತ ಪುಟ್ಟ ಕೈ ಆಡಿಸುತ್ತಾನೆ. ಇಷ್ಟೇ. ಟೀಚರ್ ಕೆಟ್ಟವರಲ್ಲ, ಮಕ್ಕಳನ್ನು ಕಂಡರೆ ಪ್ರೀತಿ. ಆಮೇಲೆ ತೊತ್ತೊಚಾನ್ ಅಡುಗೆಮನೆ ಹತ್ತಿರ ಹೋದಾಗ ಒಳಗೆ ಹೆಡ್‌ಮೇಷ್ಟ್ರ ಸಿಟ್ಟಿನ ದನಿ ಕೇಳಿಸುತ್ತೆ. ಆ ಮಾತು ಆ ಹುಡುಗನಿಗೆ ಏನು ಮಾಡುತ್ತೆ ಅಂತ ನಿಮಗೆ ಯಾಕೆ ಅರ್ಥವಾಗಲಿಲ್ಲ ಅಂತ ಕೇಳುತ್ತಿದ್ದಾರೆ. ಟೀಚರ್ ಅಳುತ್ತಿದ್ದಾರೆ.

ಬೈಗುಳ ಬಿದ್ದದ್ದು ತರಗತಿಯಲ್ಲಲ್ಲ, ಉಳಿದ ಟೀಚರುಗಳು ಕೂತಿರುವ ಕೋಣೆಯಲ್ಲೂ ಅಲ್ಲ, ಅಡುಗೆಮನೆಯಲ್ಲಿ. ಹುಡುಗನ ಮಾನ ಕಳೆದವರ ಮಾನವನ್ನೂ ಆ ಮನುಷ್ಯ ನಾಲ್ಕು ಜನರ ಮುಂದೆ ಕಳೆಯಲಿಲ್ಲ. ನಾನು ಎಷ್ಟು ಯೋಚನೆ ಮಾಡಿದರೂ ನಮ್ಮೂರಿನ ಯಾವ ಹೆಡ್‌ಮೇಷ್ಟ್ರೂ ಹೀಗೆ ಮಾಡಿದ್ದು ನನಗೆ ನೆನಪಾಗುತ್ತಿಲ್ಲ. ನಮ್ಮಲ್ಲಿ ಬೈಯುವುದಾದರೂ, ಹೊಗಳುವುದಾದರೂ, ಅಂಕ ಹೇಳುವುದಾದರೂ ಹತ್ತು ಜನ ಸೇರಿರಬೇಕು. ಮಗುವಿನ ಬಣ್ಣ, ಎತ್ತರ, ಹಲ್ಲು, ತೊದಲು ಎಲ್ಲವೂ ಊರಿನ ಆಸ್ತಿ. ಮದುವೆ ಮನೆಯಲ್ಲಿ "ಅಯ್ಯೋ ಎಷ್ಟು ಕಪ್ಪಾಗಿದ್ದೀಯೇ" ಅನ್ನದ ಅತ್ತೆಯನ್ನು ತೋರಿಸಿ ನೋಡೋಣ.

ಅದೇ ಕೊಬಾಯಾಶಿ ಶಾಲೆಯ ಕ್ರೀಡಾಕೂಟವನ್ನೇ ತಿರುಗಿಸಿಬಿಟ್ಟಿದ್ದರು. ಬಟ್ಟೆಯ ದೊಡ್ಡ ಮೀನಿನ ಬಾಯಲ್ಲಿ ನುಗ್ಗಿ ಬಾಲದಿಂದ ಹೊರಗೆ ಬರುವ ಓಟ, ಸಭಾಭವನದ ಮೆಟ್ಟಿಲು ಹತ್ತಿ ಇಳಿಯುವ ಓಟ. ಗಿಡ್ಡ ಮೈಯವನಿಗೇ ಅನುಕೂಲ. ತಾಕಾಹಾಶಿ ಎಲ್ಲದರಲ್ಲೂ ಮೊದಲು. ಬಹುಮಾನ ಏನು ಅಂದರೆ ತರಕಾರಿ, ಮೊದಲು ಬಂದವರಿಗೆ ದೊಡ್ಡ ಮೂಲಂಗಿ, ಮೂರನೆಯವರಿಗೆ ಪಾಲಕ್ ಕಟ್ಟು. ನಿನಗೋಸ್ಕರ ಮಾಡಿದ್ದು ಅಂತ ಅವನಿಗೆ ಯಾರೂ ಹೇಳಲಿಲ್ಲ. ಅಂಗವಿಕಲರಿಗೆ ತ್ರಿಚಕ್ರ ವಾಹನ ಕೊಡುವಾಗಲೂ ವೇದಿಕೆ ಹಾಕಿಸಿ, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿ ಕೊಡುವ ನಮ್ಮ ಪದ್ಧತಿ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ನನಗೆ ಹೊಟ್ಟೆ ಉರಿಯುತ್ತೆ.

ಈ ನಡವಳಿಕೆ ಪುಸ್ತಕದಲ್ಲಿ ಮಾತ್ರ ಇದೆ ಅನ್ನಬೇಡಿ. ನನ್ನ ಮಗನ ತರಗತಿಯಲ್ಲಿ ಒಬ್ಬ ಹುಡುಗ ಅವನ ಮೈಬಣ್ಣದ ಬಗ್ಗೆ ಏನೋ ಅಂದಿದ್ದ. ಸಂಜೆ ಟೀಚರ್ ಮನೆಗೆ ಫೋನ್ ಮಾಡಿದರು. ಮರುದಿನ ಆ ಹುಡುಗನನ್ನು ಬೇರೆ ಕೋಣೆಗೆ ಕರೆದು ಮಾತಾಡಿಸಿದ್ದರಂತೆ. ತರಗತಿಯಲ್ಲಿ ಯಾರ ಹೆಸರೂ ಎತ್ತಲಿಲ್ಲ. ಮನೆಗೂ ಶಾಲೆಗೂ ಓಡಾಡುವ ಒಂದು ಪುಟ್ಟ ನೋಟ್‌ಬುಕ್ ಇದೆ ಇಲ್ಲಿ, ರೆನ್‌ರಾಕುಚೋ ಅಂತಾರೆ. ಅದರಲ್ಲಿ ಒಂದು ವಾರ ಟೀಚರ್ ದಿನಾ ಎರಡು ಸಾಲು ಬರೆದು ಕಳಿಸಿದರು: ಇವತ್ತು ಬಿಡುವಿನಲ್ಲಿ ಯಾರ ಜೊತೆ ಆಡಿದ, ಊಟ ಪೂರ್ತಿ ಮಾಡಿದನಾ. ನಮ್ಮಿಬ್ಬರಿಗೂ ಅವರಿಗೂ ಬಿಟ್ಟರೆ ಇನ್ಯಾರಿಗೂ ಗೊತ್ತಾಗಲಿಲ್ಲ.

ನಾನು ಓದಿದ್ದು ಹಾಸನದ ಕಡೆ ಒಂದು ಹಳ್ಳಿ ಶಾಲೆಯಲ್ಲಿ. ನಮ್ಮ ತರಗತಿಯಲ್ಲೂ ಒಬ್ಬ ಯಾಸುಅಕಿ ಇದ್ದ. ಎಡಗಾಲು ಪೋಲಿಯೋಗೆ ಹೋಗಿತ್ತು. ಅವನಿಗೆ ಅಪ್ಪ ಅಮ್ಮ ಚೆನ್ನಾಗಿರೋ ಹೆಸರೇ ಇಟ್ಟಿದ್ದರು, ಆದರೆ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು "ಪೋಲಿಯೋ" ಅಂತ. ಮಕ್ಕಳು, ಅಂಗಡಿಯವರು, ಕೊನೆಗೆ ಮೇಷ್ಟ್ರು ಕೂಡ. "ಲೇ ಪೋಲಿಯೋ, ಬೋರ್ಡ್ ಒರೆಸೋ." ಅವನು ಗೋಡೆ ಹಿಡಿದುಕೊಂಡು ಎದ್ದು ಬರುವಷ್ಟರಲ್ಲಿ ತರಗತಿಯೆಲ್ಲ ಲೆಕ್ಕ ಎಣಿಸುತ್ತಿತ್ತು. 2014ರಲ್ಲಿ ಭಾರತ ಪೋಲಿಯೋಮುಕ್ತ ಅಂತ ಘೋಷಣೆಯಾದಾಗ ನನಗೆ ಮೊದಲು ನೆನಪಾದದ್ದು ಅವನು. ಇನ್ನು ಯಾವ ಮಗುವಿಗೂ ಆ ಹೆಸರು ಬೀಳಲ್ಲ ಅಂತ ಸಮಾಧಾನ ಆಯಿತು. ಆದರೆ ಹೆಸರಿಡುವ ಬಾಯಿಗೆ ಲಸಿಕೆ ಎಲ್ಲಿದೆ? ಪೋಲಿಯೋ ಹೋದರೆ ಸೋಡಾಬುಡ್ಡಿ ಇದೆ, ಡುಮ್ಮಿ ಇದೆ.

ಇಷ್ಟು ಹೇಳಿ, ಇನ್ನೊಂದು ಕಡೆಯದ್ದನ್ನೂ ಹೇಳಬೇಕು, ಮನಸ್ಸಿಲ್ಲದಿದ್ದರೂ. ತೊಮೊಯೆ ಅಂದರೆ ಇಡೀ ಜಪಾನ್ ಅಲ್ಲ. ಕಿಟಕಿಯಲ್ಲಿ ನಿಂತಳು, ಡೆಸ್ಕಿನ ಮುಚ್ಚಳ ಬಡಿದಳು ಅಂತ ಆರು ವರ್ಷದ ಮಗುವನ್ನು ಹೊರಗೆ ಹಾಕಿದ್ದು ಕೂಡ ಇಲ್ಲಿನದೇ ಶಾಲೆ. ಈಗಲೂ ಇಲ್ಲಿ ಮಕ್ಕಳನ್ನು ಗುಂಪುಕಟ್ಟಿ ಕಾಡುವುದು ದೊಡ್ಡ ಪಿಡುಗು. 2011ರಲ್ಲಿ ಓತ್ಸು ನಗರದಲ್ಲಿ ಒಬ್ಬ ಶಾಲಾ ಹುಡುಗ ಪ್ರಾಣ ಕಳೆದುಕೊಂಡ ಮೇಲೆ ದೇಶವೇ ಅಲುಗಾಡಿ, 2013ರಲ್ಲಿ ಅದಕ್ಕೇ ಒಂದು ಕಾನೂನು ತಂದರು. ಎಲ್ಲವನ್ನೂ ಮೆಲ್ಲಗೆ, ಮುಚ್ಚಿದ ಕೋಣೆಯಲ್ಲಿ ಮಾಡುವ ಊರಲ್ಲಿ ಕಾಟವೂ ಮೆಲ್ಲಗೇ ನಡೆಯುತ್ತೆ. ಬೈಯುವುದಿಲ್ಲ, ಹೊಡೆಯುವುದಿಲ್ಲ, ಸುಮ್ನೆ ಒಂದು ಮಗುವಿನ ಜೊತೆ ಮಾತು ನಿಲ್ಲಿಸಿಬಿಡುತ್ತಾರೆ. ಅದನ್ನು ಯಾವ ನೋಟ್‌ಬುಕ್ಕೂ ಹಿಡಿಯಲ್ಲ.

ನಮ್ಮ ಹಳ್ಳಿ ಶಾಲೆಯ ಆ ಹುಡುಗನ ವಿಷಯಕ್ಕೇ ಬಂದರೆ, ಅವನನ್ನು "ಪೋಲಿಯೋ" ಅಂತ ಕರೆಯುತ್ತಿದ್ದ ನಾವೇ ಅವನನ್ನು ದಿನಾ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಶಾಲೆಗೆ ಹೋಗುತ್ತಿದ್ದೆವು. ಸರದಿ ಅಂತ ಯಾರೂ ಹಾಕಿರಲಿಲ್ಲ, ಯಾರ ಸೈಕಲ್ ಮೊದಲು ಅವರ ಮನೆ ಮುಂದೆ ಬಂತೋ ಅವರು. ಕೆರೆಗೂ ಒಯ್ದಿದ್ದೆವು. ಟಯರ್ ಟ್ಯೂಬಿನಲ್ಲಿ ಕೂರಿಸಿ ನೀರಿಗೆ ಬಿಟ್ಟಾಗ ಅವನು ಕೂಗಿದ ಕೂಗು ಏರಿಯ ಆಚೆಗೂ ಕೇಳಿಸಿರಬೇಕು. ಸಿನಿಮಾದಲ್ಲಿ ತೊತ್ತೊಚಾನ್ ಏಣಿ ತಂದು, ಬೆವರು ಸುರಿಸಿ ಎಳೆದು, ಯಾಸುಅಕಿಯನ್ನು ತನ್ನ ಮರಕ್ಕೆ ಹತ್ತಿಸುತ್ತಾಳಲ್ಲ, ಅದನ್ನು ನೋಡುವಾಗ ನನಗೆ ನೆನಪಾದದ್ದು ನಮ್ಮ ಕೆರೆ. ಟೋಕಿಯೊದಲ್ಲಿ ನಾನಿರುವ ನಿಶಿಕಸಾಯಿ ಬಡಾವಣೆಯ ಕಟ್ಟಡದಲ್ಲಿ ಗಾಲಿಕುರ್ಚಿಯ ಹುಡುಗ ಒಬ್ಬನಿದ್ದಾನೆ. ಲಿಫ್ಟಿನಲ್ಲಿ ಎಲ್ಲರೂ ತಲೆಬಾಗಿ ಜಾಗ ಬಿಡುತ್ತಾರೆ. ಅವನ ಜೊತೆ ಆಡುವವರನ್ನು ನಾನು ಕಂಡಿಲ್ಲ.

ಹಾಗಂತ ಸೈಕಲ್ ಹತ್ತಿಸಿಕೊಂಡವರಿಗೆ ಹೆಸರು ಇಡುವ ಹಕ್ಕು ಬರುತ್ತೆ ಅಂತ ನಾನು ಒಪ್ಪಲ್ಲ. ಆ ಗೆಳೆಯ ಈಗ ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಊರಿಗೆ ಹೋದಾಗ ಅವನ ಹತ್ತಿರ ಈ ಸಿನಿಮಾ ವಿಷಯ ತೆಗೆದೆ. ಕೆರೆಯದ್ದು, ಸೈಕಲಿನದ್ದು ಎಲ್ಲ ಚೆನ್ನಾಗಿ ನೆನಪಿದೆ ಅವನಿಗೆ, ನಗುತ್ತಾ ಹೇಳಿದ. ಹಿಂದಿ ಮೇಷ್ಟ್ರು ಒಬ್ಬರೇ ಹಾಜರಿ ಕೂಗುವಾಗ ಅವನ ಹೆಸರನ್ನು ಇನಿಷಿಯಲ್ ಸಮೇತ ಪೂರ್ತಿ ಹೇಳುತ್ತಿದ್ದರಂತೆ, ಅದೂ ನೆನಪಿದೆ. ಅವರು ತೀರಿಕೊಂಡಾಗ ಅಂಗಡಿ ಮುಚ್ಚಿ ಮಣ್ಣಿಗೆ ಹೋಗಿದ್ದನಂತೆ.

ಅವನ ಮಗಳು ಈಗ ಐದನೇ ಕ್ಲಾಸು. ದಪ್ಪ ಕನ್ನಡಕ. ಹೊಸ ಮೇಷ್ಟ್ರೊಬ್ಬರು ಅವಳನ್ನು ಸೋಡಾಬುಡ್ಡಿ ಅಂತ ಕರೆಯುತ್ತಿದ್ದರು. ಇವನು ಮೂರು ಚಕ್ರದ ಗಾಡಿಯಲ್ಲಿ ಶಾಲೆಗೆ ಹೋಗಿ, ಮೇಷ್ಟ್ರನ್ನು ಹೊರಗೆ ಕರೆದು, ಮೈದಾನದ ಆ ತುದಿಗೆ ಹೋಗಿ ಮಾತಾಡಿ ಬಂದ. ಕ್ಲಾಸಲ್ಲೇ ಕೇಳಬಹುದಿತ್ತಲ್ಲ ಅಂದೆ. "ಮಕ್ಕಳ ಮುಂದೆ ಹೆಂಗೆ ಕೇಳೋದು ಮಾರಾಯ, ಅವರೂ ಪಾಠ ಮಾಡ್ಬೇಕಲ್ವಾ ನಾಳೆಯಿಂದ" ಅಂದ. ಮೇಷ್ಟ್ರು ಈಗ ಅವಳನ್ನು ಹೆಸರು ಹಿಡಿದೇ ಕರೆಯುತ್ತಾರಂತೆ.