ಸತ್ಯಾಂಶ: ನಾಗರಿಕತೆ ಇದ್ದಕ್ಕಿದ್ದಂತೆ ಹುಟ್ಟಿತೇ?

"6,000 ವರ್ಷಗಳ ಹಿಂದೆ ಮನುಷ್ಯ ಇದ್ದಕ್ಕಿದ್ದಂತೆ ಬೇಸಾಯ, ಊರು, ಬರಹ ಎಲ್ಲವನ್ನೂ ಕಲಿತ. ಆಕಾಶದಿಂದ ಬಂದವರೇ ಕಲಿಸಿದ್ದು." ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಓಡಾಡುವ ಈ ಮಾತು ನಿಜವಲ್ಲ.

ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕ ಕಲ್ಲಿನ ಉಪಕರಣಗಳಿಗೆ ಸುಮಾರು 33 ಲಕ್ಷ ವರ್ಷ. ಅಷ್ಟು ದೂರ ಯಾಕೆ, ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಬಳಿಯ ಇಸಾಂಪುರವನ್ನೇ ನೋಡಿ. ಅಲ್ಲಿ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಬೇರೆ ಗಟ್ಟಿ ಕಲ್ಲಿನಿಂದ ಹೊಡೆದು ಕೈಗೊಡಲಿ ಮಾಡುತ್ತಿದ್ದರು. ಅರ್ಧಕ್ಕೆ ಬಿಟ್ಟ ಕಲ್ಲು, ಸಿಡಿದ ಚಕ್ಕೆ ಎಲ್ಲ ಅಲ್ಲೇ ಸಿಕ್ಕಿವೆ. ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ ಎಂದು ಅಂದಾಜು. ಯಾವ ಕಲ್ಲು ಹೇಗೆ ಒಡೆಯುತ್ತದೆ ಎಂದು ಗೊತ್ತಿಲ್ಲದವರು ಮಾಡುವ ಕೆಲಸವಲ್ಲ ಇದು. ಇಂಥ ಜಾಗ ನಮ್ಮಲ್ಲಿರುವುದು ಎಷ್ಟು ಜನಕ್ಕೆ ಗೊತ್ತು?

ಬೇಸಾಯವೂ ಒಂದೇ ಸಲಕ್ಕೆ ಬರಲಿಲ್ಲ. ಪಶ್ಚಿಮ ಏಷ್ಯಾದಲ್ಲಿ ಜನ ಮೊದಲು ಕಾಡುಗೋಧಿ, ಕಾಡುಬಾರ್ಲಿ ಆರಿಸಿ ತಿನ್ನುತ್ತಿದ್ದರು. ಆಮೇಲೆ ಬಿತ್ತಲು ಶುರುಮಾಡಿದರು. ತೆನೆಯಿಂದ ಉದುರದ ಕಾಳಿನ ತಳಿ ಪಕ್ಕಾ ಆಗಲು ಸಾವಿರಾರು ವರ್ಷ ಹಿಡಿಯಿತು. ಟರ್ಕಿಯ ಚಾತಾಲ್‌ಹ್ಯೂಯುಕ್‌ನಲ್ಲಿ ಸುಮಾರು 9,000 ವರ್ಷಗಳ ಹಿಂದೆಯೇ ಗೋಡೆಗೆ ಗೋಡೆ ಅಂಟಿದ ಮನೆಗಳ ದೊಡ್ಡ ಊರಿತ್ತು.

ಇನ್ನು ಬರಹ. ಇರಾಕಿನ ಉರುಕ್ ನಗರದ ಮಣ್ಣಿನ ಹಲಗೆಗಳು ಸುಮಾರು 5,300 ವರ್ಷ ಹಳೆಯವು. ಅವುಗಳಲ್ಲಿ ಇರುವುದು ಜಾಸ್ತಿ ಧಾನ್ಯ, ಕುರಿ, ಬಿಯರ್ ಲೆಕ್ಕ.