ಪರೋಟಾಕ್ಕೊಂದು ಭಾಷ್ಯ

ಕಾಳಿದಾಸನಿಗೆ ವ್ಯಾಖ್ಯಾನ ಬರೆಯಲು ಕೂತ ಮಲ್ಲಿನಾಥ ಶುರುವಿನಲ್ಲೇ ಮಾತು ಕೊಟ್ಟುಬಿಟ್ಟ. ಮೂಲದಲ್ಲಿ ಇಲ್ಲದ್ದನ್ನು ಬರೆಯುವುದಿಲ್ಲ, ಬೇಡದ್ದನ್ನು ಹೇಳುವುದಿಲ್ಲ ಅಂತ. ಪಾಪ, ಈ ಕಾಲದ ತೆರಿಗೆ ಕಚೇರಿಯಲ್ಲಿ ಒಂದು ವಾರವೂ ಬಾಳುತ್ತಿರಲಿಲ್ಲ.

ನಮ್ಮ ಭಟ್ಟಾಕಳಂಕ ಇನ್ನೂ ಗಟ್ಟಿಗ. 1604ರಲ್ಲಿ ಕನ್ನಡ ವ್ಯಾಕರಣಕ್ಕೆ ಸಂಸ್ಕೃತದಲ್ಲಿ 592 ಸೂತ್ರ ಬರೆದ. ಯಾರಿಗೂ ತಿಳಿಯಲಿಕ್ಕಿಲ್ಲ ಅನ್ನಿಸಿತೋ ಏನೋ, ತಾನೇ ವೃತ್ತಿ, ಅಂದರೆ ಸೂತ್ರಗಳ ವಿವರಣೆ, ಬರೆದ. ಆ ವೃತ್ತಿಗೂ ತಾನೇ ವ್ಯಾಖ್ಯಾನ ಬರೆದ. ಗಂಟು ಹಾಕಿದವನೇ ಕೂತು ಬಿಚ್ಚಿಕೊಟ್ಟ. ಈಗ ಒಬ್ಬರು ಗಂಟು ಹಾಕುತ್ತಾರೆ, ಬಿಚ್ಚಲು ಬಂದವರು ಅದರ ಮೇಲೆ ಇನ್ನೊಂದು ಹಾಕಿ ಹೋಗುತ್ತಾರೆ.

ಜಿಎಸ್‌ಟಿ ಪಟ್ಟಿಯಲ್ಲಿ ಒಂದು ಸಾಲಿತ್ತು. ಖಾಖ್ರಾ, ಸಾದಾ ಚಪಾತಿ ಅಥವಾ ರೊಟ್ಟಿ, ಶೇ. 5. ಮೂರನೇ ಕ್ಲಾಸಿನ ಹುಡುಗಿಗೂ ಅರ್ಥವಾಗುವ ಮಾತು. 2020ರಲ್ಲಿ ಬೆಂಗಳೂರಿನ ಒಂದು ಕಂಪನಿ, ಪರೋಟಾ ಕೂಡ ಇದರಲ್ಲೇ ಬರುತ್ತೆ ಅಲ್ವಾ ಎಂದು ಕೇಳಿತು. ಕೇಳಬಾರದಿತ್ತು. ಯಾವುದಕ್ಕೆ ಎಷ್ಟು ತೆರಿಗೆ ಎಂದು ಕೇಳಿದವರಿಗೆ ಮೊದಲೇ ತೀರ್ಮಾನ ಹೇಳುವ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ ಆ ಸಾಲಿನ ಅರ್ಥ ಬಿಡಿಸಲು ಕೂತಿತು. ರೊಟ್ಟಿ ಅಂದರೆ ಹಾಗೇ ತಿನ್ನುವಂಥದ್ದು. ಪ್ಯಾಕೆಟ್ಟಿನ ಪರೋಟಾವನ್ನು ಬಿಸಿ ಮಾಡಿ ತಿನ್ನಬೇಕು. ಹಾಗಾಗಿ ಪರೋಟಾ ರೊಟ್ಟಿಯಲ್ಲ. ಕಟ್ಟಿ ಶೇ. 18.

ನಮ್ಮನೆಯಲ್ಲಿ ಅಮ್ಮ ರಾತ್ರಿ ಉಳಿದ ಚಪಾತಿಯನ್ನು ಬೆಳಿಗ್ಗೆ ಹೆಂಚಿಗೆ ಹಾಕಿ, ಅಂಚಿಗೆ ಒಂದು ಚಮಚ ತುಪ್ಪ ಬಿಡುತ್ತಾರೆ. ಚುಯ್ ಅನ್ನುತ್ತೆ. "ಅಮ್ಮ, ಬಿಸಿ ಮಾಡಿದಿಯಲ್ಲ, ಇದಿನ್ನೂ ಚಪಾತೀನೇನಾ?" ಅಂದೆ. "ಸುಮ್ನೆ ತಿನ್ನೋ, ಆರಿಹೋಗುತ್ತೆ" ಅಂದರು. ಇಂಥವರನ್ನು ಪ್ರಾಧಿಕಾರಕ್ಕೆ ಯಾರೂ ಕರೆಯುವುದಿಲ್ಲ.

ಆಮೇಲೆ ಪಾಪ್‌ಕಾರ್ನಿನ ಸರದಿ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಜೈಸಲ್ಮೇರಿನಲ್ಲಿ ಸೇರಿ ಸ್ಪಷ್ಟೀಕರಣ ಕೊಟ್ಟಿತು. ಉಪ್ಪು ಖಾರ ಹಾಕಿ ಬಿಡಿಯಾಗಿ ಮಾರಿದರೆ ಶೇ. 5. ಅದನ್ನೇ ಪ್ಯಾಕೆಟ್ಟಿಗೆ ತುಂಬಿ ಲೇಬಲ್ ಅಂಟಿಸಿದರೆ 12. ಕ್ಯಾರಮೆಲ್ ಸವರಿದರೆ ಅದು ಮಿಠಾಯಿ, 18. ಜನ ನಕ್ಕಾಗ ಬಂದ ಸಮಾಧಾನ ಇನ್ನೂ ಚೆನ್ನಾಗಿತ್ತು: ಹೊಸ ತೆರಿಗೆಯೇನಲ್ಲ, ಇದ್ದದ್ದನ್ನೇ ಬಿಡಿಸಿ ಹೇಳಿದ್ದೇವೆ. ಮಲ್ಲಿನಾಥನೂ ಹೆಚ್ಚುಕಮ್ಮಿ ಅದನ್ನೇ ಅಂದಿದ್ದ, ಆದರೆ ಅವನ ಮಾತು ಓದಿದ ಮೇಲೆ ಶ್ಲೋಕ ಹಗುರಾಗುತ್ತಿತ್ತು. ಇವರದ್ದು ಓದಿದರೆ ಹಗುರಾಗುವುದು ಜೇಬು.

2025ರ ಸೆಪ್ಟೆಂಬರ್ 22ರಿಂದ ಪರೋಟಾಕ್ಕೂ ರೊಟ್ಟಿಗೂ ತೆರಿಗೆ ಸೊನ್ನೆ. ಐದು ವರ್ಷದ ಮೇಲೆ ಎರಡೂ ಒಂದೇ ಹೆಂಚಿಗೆ ಬಂದವು. ಈಗಿನ ಸಾಲಿನಲ್ಲಿ, ಯಾವ ಹೆಸರಿನಿಂದ ಕರೆದರೂ ಸರಿ, ಭಾರತೀಯ ಬ್ರೆಡ್ಡುಗಳೆಲ್ಲ ಸೇರುತ್ತವಂತೆ. ಹಾಗಾದರೆ ನೀರ್ ದೋಸೆ? ಬರೆದು ಕೇಳೋಣ ಅಂತ ಪೆನ್ನು ತೆಗೆದೆ. ಆ ಕಂಪನಿ ನೆನಪಾಯಿತು. ಕ್ಯಾಪ್ ಹಾಕಿ ಇಟ್ಟೆ.